ನಿನೆವೆಯ ಕರುಣೆ, ಜಕ್ಕಾಯನ ಲೆಕ್ಕ: ಕ್ರೈಸ್ತ ನಂಬಿಕೆಯಲ್ಲಿ ತೀರ್ಪು, ಪಾಪ ಮತ್ತು ಕ್ಷಮೆ



ಧರ್ಮದ ಗಹನವಾದ ಪ್ರಶ್ನೆಗಳನ್ನು ಕನ್ನಡದಲ್ಲೇ ಚರ್ಚಿಸಬೇಕು, ಯಾವ ನಂಬಿಕೆಯವರು ಬಂದು ಕೂತರೂ ಅರ್ಥವಾಗುವಂತೆ ಚರ್ಚಿಸಬೇಕು ಎಂಬುದು ಈ ಉಪನ್ಯಾಸದ ದತ್ತಿಯನ್ನಿಟ್ಟವರ ಆಶಯ. ಆ ಆಶಯಕ್ಕೆ ವಂದಿಸಿ ಮಾತು ಆರಂಭಿಸುತ್ತೇನೆ.

ಕ್ರೈಸ್ತರು ಆರಾಧನೆಯಲ್ಲಿ ವಿಶ್ವಾಸಪ್ರಮಾಣವನ್ನು ಹೇಳುವಾಗ, ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ಕ್ರಿಸ್ತ ಬರುತ್ತಾನೆಂದು ಒಪ್ಪುತ್ತಾರೆ. ಕೆಲವೇ ಸಾಲುಗಳ ನಂತರ ಪಾಪಗಳಿಗೆ ಕ್ಷಮೆಯುಂಟೆಂದೂ ಒಪ್ಪುತ್ತಾರೆ. ಒಂದೇ ಬಾಯಿ, ಒಂದೇ ಉಸಿರು, ಎರಡು ಮಾತು. ನ್ಯಾಯ ತೀರಿಸುವವನು ಕ್ಷಮಿಸುವುದು ಹೇಗೆ? ಕ್ಷಮಿಸುವವನು ನ್ಯಾಯ ತೀರಿಸುವುದು ಹೇಗೆ? ಕೊಲೆಗಾರನನ್ನು ದೇವರು ಕ್ಷಮಿಸಿಬಿಟ್ಟರೆ ಕೊಲೆಯಾದವನ ಗತಿ ಏನು?

ಇಂದು ನಾನು ಹೇಳಬೇಕೆಂದಿರುವುದು ಇಷ್ಟು. ಕ್ರೈಸ್ತ ನಂಬಿಕೆಯಲ್ಲಿ ದೇವರ ತೀರ್ಪು ಎಂಬುದು ಅನ್ಯಾಯಕ್ಕೆ ಒಳಗಾದವರ ಆಸರೆ. ದೇವರ ಕರುಣೆ ಯಾರ ಅರ್ಹತೆಗೂ ಕಾಯದೆ ಮೊದಲೇ ಬರುತ್ತದೆ; ಆದರೆ ಲೆಕ್ಕ ತೀರದೆ ಎದ್ದುಹೋಗುವುದಿಲ್ಲ. ನೊಂದವರನ್ನು ಬದಿಗೆ ಸರಿಸಿ, ನೋಯಿಸಿದವನಿಗೆ ಮಾತ್ರ ಹಂಚುವ ಕ್ಷಮೆಗೆ ಬೈಬಲಿನ ಆಧಾರವಿಲ್ಲ.

1. ತೀರ್ಪನ್ನು ಬೇಡಿದವರು

ದೇವರ ತೀರ್ಪು ಎಂದೊಡನೆ ಮನಸ್ಸಿಗೆ ಬರುವುದು ಭಯ. ಯುರೋಪಿನ ಕಲೆ ಆ ಭಯವನ್ನು ಕಲ್ಲಿನಲ್ಲೂ ಬಣ್ಣದಲ್ಲೂ ಹಿಡಿದಿಟ್ಟಿದೆ. ಫ್ರಾನ್ಸಿನ ಓತಾಂ ಪಟ್ಟಣದ ದೇವಾಲಯದ ಹೆಬ್ಬಾಗಿಲ ಮೇಲೆ, 12ನೆಯ ಶತಮಾನದ ಶಿಲ್ಪದಲ್ಲಿ, ಸತ್ತವರ ಆತ್ಮಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಮೈಕೆಲ್ಯಾಂಜೆಲೊ 1536ರಿಂದ 1541ರವರೆಗೆ ಸಿಸ್ಟೀನ್ ಪ್ರಾರ್ಥನಾಲಯದ ಗೋಡೆಯ ಮೇಲೆ ಬರೆದ ‘ಅಂತಿಮ ತೀರ್ಪು’ ಚಿತ್ರದಲ್ಲಿ ಕ್ರಿಸ್ತ ಕೈಯೆತ್ತಿ ನಿಂತಿದ್ದಾನೆ. ಕೆಳಗೆ ನರಕದ ದೋಣಿಯಿಂದ ಪಾಪಿಗಳನ್ನು ಹೊರಗಟ್ಟಲಾಗುತ್ತಿದೆ. ಶತಮಾನಗಳ ಕಾಲ ಕಥೋಲಿಕರ ಶವಸಂಸ್ಕಾರದ ಪೂಜೆಯಲ್ಲಿ ದೇವರ ಕೋಪದ ದಿನವನ್ನು ನೆನೆಯುವ ಲ್ಯಾಟಿನ್ ಗೀತೆಯನ್ನು ಹಾಡುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರದ ಸುಧಾರಣೆಯಲ್ಲಿ ಅದನ್ನು ಆ ಪೂಜೆಯಿಂದ ಕೈಬಿಡಲಾಯಿತು.

ಬೈಬಲಿನೊಳಗೆ ಹೋಗಿ ನೋಡಿದರೆ ತೀರ್ಪಿನ ಸುದ್ದಿಗೆ ಹಿಗ್ಗುವವರೂ ಸಿಗುತ್ತಾರೆ. ದೇವರು ಲೋಕಕ್ಕೆ ನ್ಯಾಯ ತೀರಿಸಲು ಬರುವಾಗ ಹೊಲ ಕುಣಿಯುತ್ತದೆ, ಕಾಡಿನ ಮರಗಳು ಹರ್ಷಿಸುತ್ತವೆ ಎಂದು 96ನೆಯ ಕೀರ್ತನೆ ಹೇಳುತ್ತದೆ. ಶಿಕ್ಷೆಯ ಸುದ್ದಿಗೆ ಮರಗಳೇಕೆ ಹರ್ಷಿಸಬೇಕು? ಆ ಕೀರ್ತನೆಯನ್ನು ಹಾಡಿದ ಜನಕ್ಕೆ ನ್ಯಾಯಾಧೀಶ ಬರುವುದೆಂದರೆ, ಬಹುಕಾಲದಿಂದ ಯಾರೂ ಕಿವಿಗೆ ಹಾಕಿಕೊಳ್ಳದ ದೂರು ಕೊನೆಗೂ ವಿಚಾರಣೆಗೆ ಬರುವುದು.

ಆ ದೂರುಗಳ ಸಾಲು ದೊಡ್ಡದು. ಕಾಯಿನ ತಮ್ಮ ಹೇಬೆಲನನ್ನು ಹೊಲದಲ್ಲಿ ಕೊಂದ. ನೋಡಿದವರಿಲ್ಲ, ದೂರು ಕೊಡುವವರಿಲ್ಲ. ದೇವರು ಕಾಯಿನನನ್ನು ತಡೆದು ತಮ್ಮನೆಲ್ಲಿ ಎಂದು ಕೇಳುತ್ತಾನೆ. ಸತ್ತವನ ರಕ್ತ ನೆಲದಿಂದಲೇ ತನಗೆ ಮೊರೆಯಿಡುತ್ತಿದೆ ಎನ್ನುತ್ತಾನೆ. ಬೈಬಲಿನ ಮೊದಲ ಕೊಲೆಯ ಪ್ರಕರಣದಲ್ಲಿ ಫಿರ್ಯಾದಿ ಸತ್ತವನೇ. ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ತೆಕೋವದ ಕುರಿಗಾಹಿ ಆಮೋಸ ಇಸ್ರಾಯೇಲಿನ ಸಿರಿವಂತರ ಎದುರು ನಿಂತು ಕೂಗಿದ್ದು ಕೂಡ ಈ ಜಾತಿಯ ದೂರೇ. ಒಂದು ಜೊತೆ ಕೆರಗಳ ಬೆಲೆಗೆ ಬಡವನನ್ನು ಮಾರುವವರು, ಅಳತೆ ಕುಗ್ಗಿಸಿ ಬೆಲೆ ಹಿಗ್ಗಿಸುವವರು ದೇವರ ಉತ್ಸವದಲ್ಲಿ ಹಾಡಿದರೆ ಆ ಹಾಡು ದೇವರ ಕಿವಿಗೆ ಗದ್ದಲ ಎಂದು ಅವನು ಸಾರಿದ. ಯೇಸು ಹೇಳಿದ ಸಾಮತಿಯೊಂದರಲ್ಲಿ, ಅಂದರೆ ದೃಷ್ಟಾಂತ ಕಥೆಯೊಂದರಲ್ಲಿ, ದೇವರಿಗೂ ಹೆದರದ, ಮನುಷ್ಯರಿಗೂ ಬೆಲೆ ಕೊಡದ ನ್ಯಾಯಾಧೀಶನ ಬಾಗಿಲಿಗೆ ಒಬ್ಬ ವಿಧವೆ ಅಲೆದೂ ಅಲೆದೂ ಅವನನ್ನು ಸುಸ್ತು ಮಾಡುತ್ತಾಳೆ. ಅವಳು ಕೇಳುವುದು ದಯೆಯನ್ನಲ್ಲ, ನ್ಯಾಯವನ್ನು.

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ಕನ್ನಡಿಗರ ಮನಸ್ಸಿನಲ್ಲಿ ಆಳವಾಗಿ ಬೇರು ಬಿಟ್ಟ ಮಾತು. ಮಾಡಿದ ಕರ್ಮ ಫಲ ಕೊಟ್ಟೇ ತೀರುತ್ತದೆ, ಅದಕ್ಕೆ ಮೂರನೆಯವರ ತೀರ್ಮಾನ ಬೇಕಿಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ. ಆ ತಿಳಿವಳಿಕೆಗೆ ತನ್ನದೇ ಗಾಂಭೀರ್ಯವಿದೆ. ಕ್ರೈಸ್ತ ನಂಬಿಕೆ ಹಿಡಿದಿರುವ ದಾರಿ ಬೇರೆ. ಅಲ್ಲಿ ಪಾಪ ಎಂಬುದು ಮಾಡಿದವನಿಗೂ ಅವನ ಕರ್ಮಕ್ಕೂ ನಡುವಿನ ವ್ಯವಹಾರವಾಗಿ ಮುಗಿಯುವುದಿಲ್ಲ. ಮಾಡಿದವನು, ಅದರಿಂದ ನೊಂದವರು, ನೊಂದವರ ಮೊರೆಯನ್ನು ಕೇಳಿಸಿಕೊಳ್ಳುವ ದೇವರು, ಹೀಗೆ ಮೂವರಿದ್ದಾರೆ. ಈ ಮೂವರಲ್ಲಿ ಒಬ್ಬರನ್ನು ಬಿಟ್ಟರೂ ತೀರ್ಪು ಅರ್ಥವಾಗುವುದಿಲ್ಲ, ಕರುಣೆಯೂ ಅರ್ಥವಾಗುವುದಿಲ್ಲ.

2. ನಿನೆವೆಗೆ ಹೋಗಲೊಲ್ಲದ ಪ್ರವಾದಿ

ಈಗ ಕರುಣೆಯ ಕಡೆಗೆ ಬರೋಣ. ಯೋನನ ಗ್ರಂಥ ನಾಲ್ಕೇ ಅಧ್ಯಾಯಗಳ ಪುಟ್ಟ ಪುಸ್ತಕ. ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಅದು ದೊಡ್ಡ ಮೀನಿನ ಕಥೆ. ದೊಡ್ಡವರಿಗೆ ಅದು ನುಂಗಲಾರದ ಕಥೆ.

ನಿನೆವೆಗೆ ಹೋಗಿ ಅದರ ದುಷ್ಟತನವನ್ನು ಖಂಡಿಸು ಎಂದು ದೇವರು ಯೋನನಿಗೆ ಹೇಳಿದಾಗ, ಅವನು ಯೊಪ್ಪದ ಬಂದರಿಗಿಳಿದು ತದ್ವಿರುದ್ಧ ದಿಕ್ಕಿನ ತಾರ್ಷೀಷಿಗೆ ಹೊರಟ ಹಡಗನ್ನು ಹತ್ತುತ್ತಾನೆ. ಅವನಿಗೆ ನಿನೆವೆಯವರ ಭಯ ಎಂದು ನಾವು ಅಂದುಕೊಳ್ಳುತ್ತೇವೆ. ಕಾರಣ ಬೇರೆಯೇ ಇದೆ, ಕೊನೆಯ ಅಧ್ಯಾಯದಲ್ಲಿ ಅವನೇ ಬಾಯಿಬಿಡುತ್ತಾನೆ: ದೇವರು ದಯಾಳು, ಆ ಊರನ್ನು ಕ್ಷಮಿಸಿಬಿಡುತ್ತಾನೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅವನು ಓಡಿದ್ದು ದೇವರ ಕರುಣೆಗೆ ಹೆದರಿ.

ಯೋನನನ್ನು ಸಣ್ಣ ಮನಸ್ಸಿನವನೆಂದು ಬೈಯುವ ಮುನ್ನ ನಿನೆವೆ ಏನೆಂದು ನೋಡಬೇಕು. ಇಂದಿನ ಇರಾಕಿನ ಮೊಸುಲ್ ನಗರದ ಎದುರು, ಟೈಗ್ರಿಸ್ ನದಿಯ ಪೂರ್ವ ದಂಡೆಯಲ್ಲಿ ಅದರ ದಿಬ್ಬಗಳಿವೆ. 19ನೆಯ ಶತಮಾನದಲ್ಲಿ ಆಸ್ಟೆನ್ ಹೆನ್ರಿ ಲೇಯಾರ್ಡ್ ಅಲ್ಲಿ ಅಗೆದಾಗ ಅಸ್ಸೀರಿಯದ ಅರಸ ಸನ್ಹೇರೀಬನ ಅರಮನೆ ಸಿಕ್ಕಿತು. ಅದರ ಒಂದು ಕೋಣೆಯ ಗೋಡೆಗಳ ತುಂಬ, ಕ್ರಿಸ್ತಪೂರ್ವ 701ರಲ್ಲಿ ಯೆಹೂದ ನಾಡಿನ ಲಾಕೀಷ್ ಪಟ್ಟಣವನ್ನು ಮುತ್ತಿ ಹಿಡಿದ ಚಿತ್ರಗಳು. ಇಂದು ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಸ್ಸೀರಿಯದ ಸೈನಿಕರು ಕೋಟೆಗೆ ಇಳಿಜಾರು ಕಟ್ಟಿ ಹತ್ತುತ್ತಾರೆ. ಸೋತವರನ್ನು ಚೂಪಾದ ಕಂಬಗಳ ಮೇಲೆ ಏರಿಸಿ ನಿಲ್ಲಿಸುತ್ತಾರೆ. ಕೆಲವರ ಬಟ್ಟೆ ಕಳಚಿ ನೆಲದ ಮೇಲೆ ಚಾಚಿ ಚರ್ಮ ಸುಲಿಯುತ್ತಾರೆ. ಪಕ್ಕದಲ್ಲೇ ಹೆಂಗಸರು ಮಕ್ಕಳು ಗಂಟುಮೂಟೆಯೊಂದಿಗೆ ಎತ್ತಿನ ಗಾಡಿಗಳಲ್ಲಿ ಊರು ಬಿಟ್ಟು ಹೋಗುತ್ತಿದ್ದಾರೆ. ಇದನ್ನು ಬರೆಸಿದ್ದು ಶತ್ರುಗಳಲ್ಲ. ಗೆದ್ದ ಅರಸನೇ ತನ್ನ ಹೆಮ್ಮೆಗಾಗಿ ಮನೆಯ ಗೋಡೆಗೆ ಕೆತ್ತಿಸಿಕೊಂಡದ್ದು. ಅದಕ್ಕೂ ಎರಡು ದಶಕ ಮೊದಲೇ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಅಸ್ಸೀರಿಯದ ಪಾಲಾಗಿತ್ತು. ಇಂಥ ಊರಿಗೆ ಕ್ಷಮೆ ಸಿಗಬಾರದು ಎನ್ನುವ ಪ್ರವಾದಿಯ ಹಿಂದೆ ಲಾಕೀಷಿನ ಆ ಗಾಡಿಗಳು ನಿಂತಿವೆ ಎಂದುಕೊಂಡು ಓದಿದರೆ ಮಾತ್ರ ಕಥೆಯ ಭಾರ ನಮ್ಮ ಮೇಲೆ ಬೀಳುತ್ತದೆ.

ಯೋನ ಕೊನೆಗೂ ನಿನೆವೆಗೆ ಹೋಗಿ, 40 ದಿನಗಳಲ್ಲಿ ಊರು ನಾಶವಾಗುತ್ತದೆ ಎಂದು ಸಾರುತ್ತಾನೆ. ಅರಸ ಸಿಂಹಾಸನದಿಂದಿಳಿದು ಬೂದಿಯಲ್ಲಿ ಕೂರುತ್ತಾನೆ. ದನಕರುಗಳಿಗೂ ಗೋಣಿತಟ್ಟು ಹೊದಿಸುತ್ತಾರೆ. ಅರಸನ ಆಜ್ಞೆ ಉಪವಾಸಕ್ಕೆ ನಿಲ್ಲುವುದಿಲ್ಲ. ಪ್ರತಿಯೊಬ್ಬನೂ ತನ್ನ ಕೆಟ್ಟ ನಡತೆಯನ್ನೂ ತಾನು ನಡೆಸುತ್ತಿರುವ ಹಿಂಸೆಯನ್ನೂ ಬಿಡಬೇಕು ಎನ್ನುತ್ತದೆ. ದೇವರು ಗಮನಿಸಿದ್ದು ಏನನ್ನು ಎಂಬುದನ್ನು ಗ್ರಂಥಕಾರ ಬಹಳ ಎಚ್ಚರದಿಂದ ಬರೆದಿದ್ದಾನೆ. ಗೋಣಿತಟ್ಟನ್ನು ಕಂಡ ಎಂದು ಬರೆಯಲಿಲ್ಲ. ಜನ ಕೆಟ್ಟ ದಾರಿಯನ್ನು ಬಿಟ್ಟದ್ದನ್ನು ಕಂಡ, ಆಗ ಶಿಕ್ಷೆಯನ್ನು ಹಿಂತೆಗೆದುಕೊಂಡ ಎಂದು ಬರೆದ.

ಯೋನ ಸಿಟ್ಟಾಗುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ. ನೆರಳಿಗೆ ಒಂದು ಗಿಡ ಬೆಳೆಸುತ್ತಾನೆ, ಮರುದಿನವೇ ಹುಳ ಹಿಡಿಸಿ ಬಾಡಿಸುತ್ತಾನೆ. ತಾನು ನೆಡದ, ನೀರೆರೆಯದ ಗಿಡಕ್ಕಾಗಿ ಯೋನ ಮರುಗಿದಾಗ ದೇವರು ಕೊನೆಯದಾಗಿ ಕೇಳುವ ಪ್ರಶ್ನೆ ಇದು: ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರಿರುವ, ಅಷ್ಟೊಂದು ಪಶುಗಳಿರುವ ಊರಿಗಾಗಿ ತಾನು ಮರುಗಬಾರದೇ? ಯೋನ ಏನೆಂದನೋ ಗ್ರಂಥದಲ್ಲಿಲ್ಲ. ಪುಸ್ತಕ ಆ ಪ್ರಶ್ನೆಯಲ್ಲೇ ಮುಗಿಯುತ್ತದೆ.

ಇದೇ ಬೈಬಲಿನಲ್ಲಿ ನಹೂಮನ ಗ್ರಂಥವೂ ಇದೆ, ಅದು ನಿನೆವೆಯ ಪತನದ ಹಾಡು. ಕ್ರಿಸ್ತಪೂರ್ವ 612ರಲ್ಲಿ ನಿನೆವೆ ಬಿದ್ದೇ ಬಿತ್ತು. ಕರುಣೆ ಪಡೆದ ಊರು ಮತ್ತೆ ಹಿಂಸೆಗೆ ಮರಳಿದರೆ ತೀರ್ಪು ಮರಳುತ್ತದೆ ಎಂದು ಹಿಂದಿನವರು ಈ ಎರಡೂ ಗ್ರಂಥಗಳನ್ನು ಜೊತೆಗಿಟ್ಟು ಓದಿದರು. ಯೆಹೂದಿಗಳು ಪ್ರಾಯಶ್ಚಿತ್ತದ ದಿನದ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಯೋನನ ಗ್ರಂಥವನ್ನು ಇಂದಿಗೂ ಪೂರ್ತಿ ಓದುತ್ತಾರೆ. ಸುರಿಯಾನಿ ಕ್ರೈಸ್ತರು ಮಹಾ ಉಪವಾಸಕ್ಕೆ ಸುಮಾರು ಮೂರು ವಾರ ಮೊದಲು ನಿನೆವೆಯವರ ನೆನಪಿನಲ್ಲಿ ಮೂರು ದಿನ ಉಪವಾಸ ಮಾಡುತ್ತಾರೆ. ಕೇರಳದಿಂದ ಬಂದು ನಮ್ಮ ಬೆಳ್ತಂಗಡಿ, ಪುತ್ತೂರು ಕಡೆ ನೆಲೆಸಿದ ಸುರಿಯಾನಿ ಕುಟುಂಬಗಳ ಪರಂಪರೆಯಲ್ಲೂ ಈ ನೋಂಬು ಇದೆ. ಯೋನನ ನಾಡನ್ನು ನಡುಗಿಸಿದ ಊರಿನವರು ಪಶ್ಚಾತ್ತಾಪದ ಗುರುಗಳಾಗಿ ಉಳಿದದ್ದು ಹೀಗೆ.

3. ಅರಸನೆದುರು ನಾತಾನ

ಪಾಪ ಎಂದರೇನು? ಪುಸ್ತಕಗಳಲ್ಲಿ ಅನೇಕ ವ್ಯಾಖ್ಯೆಗಳಿವೆ. ನಾನು ಇಸ್ರಾಯೇಲಿನ ಅರಸ ದಾವೀದನ ಕಥೆಯನ್ನು ತೆಗೆದುಕೊಳ್ಳುತ್ತೇನೆ. ಮಾಳಿಗೆಯ ಮೇಲಿಂದ ಬತ್ಷೆಬೆಯನ್ನು ಕಂಡ ಅರಸ ಅವಳನ್ನು ಕರೆಸಿಕೊಂಡ. ಅವಳು ಗರ್ಭಿಣಿಯಾದಾಗ, ರಣರಂಗದಲ್ಲಿದ್ದ ಅವಳ ಗಂಡ ಊರೀಯನನ್ನು ಕರೆಸಿ ಮನೆಗೆ ಹೋಗೆಂದ. ಜೊತೆಯವರು ಬಯಲಲ್ಲಿ ಮಲಗಿರುವಾಗ ತಾನು ಮನೆಗೆ ಹೋಗಲಾರೆನೆಂದು ಊರೀಯ ಅರಮನೆಯ ಬಾಗಿಲಲ್ಲೇ ಮಲಗಿದ. ಕೊನೆಗೆ ದಾವೀದ ಅವನನ್ನು ಕೊಲ್ಲಿಸಬೇಕೆಂಬ ಪತ್ರವನ್ನು ಸೇನಾಪತಿಗೆ ಬರೆದು ಅವನ ಕೈಯಲ್ಲೇ ಕಳಿಸಿದ.

ಪ್ರವಾದಿ ನಾತಾನ ಬಂದು ಒಂದು ವ್ಯಾಜ್ಯವನ್ನು ಮುಂದಿಟ್ಟ. ಹಿಂಡುಗಟ್ಟಲೆ ಕುರಿಯಿದ್ದ ಸಿರಿವಂತ, ಮನೆಗೆ ಬಂದ ಅತಿಥಿಗಾಗಿ, ಬಡವನೊಬ್ಬ ಮಗಳಂತೆ ಸಾಕಿದ್ದ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡು ಅಡುಗೆ ಮಾಡಿಸಿದನಂತೆ. ದಾವೀದ ಕೆರಳಿದ. ಅವನು ಸಾವಿಗೆ ತಕ್ಕವನು, ಕುರಿಮರಿಗೆ ನಾಲ್ಕರಷ್ಟು ಕೊಡಬೇಕು ಎಂದು ತೀರ್ಪಿತ್ತ. ಆ ಸಿರಿವಂತ ಬೇರಾರೂ ಅಲ್ಲ, ಎದುರು ಕೂತ ಅರಸನೇ ಎಂದು ನಾತಾನ ಹೇಳಿದ. ದಾವೀದ ತಪ್ಪನ್ನು ಒಪ್ಪಿಕೊಂಡ. ದೇವರು ಪಾಪವನ್ನು ಕಳೆದಿದ್ದಾನೆ ಎಂಬ ಮಾತೂ ಅದೇ ಉಸಿರಿನಲ್ಲಿ ಬಂತು. ಆ ಕೃತ್ಯದ ಕಹಿ ಫಲ ದಾವೀದನ ಮನೆತನವನ್ನು ಬಿಡುವುದಿಲ್ಲ ಎಂಬುದೂ ಜೊತೆಗೆ ಬಂತು.

ಇಲ್ಲಿ ಮನುಷ್ಯನ ಪಾಪದ ಸ್ವರೂಪ ಬಿಚ್ಚಿಕೊಂಡಿದೆ. ಬೇರೆಯವನ ಕುರಿಮರಿಯ ವಿಷಯದಲ್ಲಿ ದಾವೀದನ ನ್ಯಾಯಬುದ್ಧಿ ಚುರುಕಾಗಿಯೇ ಇತ್ತು. ಅವನ ಕಣ್ಣು ಕುರುಡಾದದ್ದು ತನ್ನ ವಿಷಯದಲ್ಲಿ ಮಾತ್ರ. ಉತ್ತರ ಆಫ್ರಿಕದ ಸಂತ ಅಗಸ್ಟೀನ (354–430) ತನ್ನ ಆತ್ಮನಿವೇದನೆಯಲ್ಲಿ ಹದಿಹರೆಯದ ಪೇರುಹಣ್ಣಿನ ಕಳ್ಳತನವನ್ನು ಪುಟಗಟ್ಟಲೆ ಕೆದಕಿದ್ದು ಇದೇ ಕುರುಡನ್ನು ಬಿಡಿಸಲು. ಹಸಿವಿರಲಿಲ್ಲ, ಹಣ್ಣೂ ರುಚಿಯಿರಲಿಲ್ಲ. ಕೆಟ್ಟದ್ದನ್ನು ಮಾಡುವುದೇ ರುಚಿಸಿತು ಎಂದು ಅವನು ಒಪ್ಪಿಕೊಂಡ. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಲ್ಲ ಎಂದು ಅವನ ಸಮಕಾಲೀನ ಪೆಲಾಗಿಯುಸ್ ಬೋಧಿಸಿದಾಗ, ಅಗಸ್ಟೀನ ಒಪ್ಪಲಿಲ್ಲ. 418ರ ಕಾರ್ಥೇಜಿನ ಧರ್ಮಸಭೆ ಅಗಸ್ಟೀನನ ಪಕ್ಷ ಹಿಡಿಯಿತು. ಅಂದಿನಿಂದ ಪಶ್ಚಿಮದ ಕ್ರೈಸ್ತಧರ್ಮ ಒಂದು ಮಾತನ್ನು ಬಿಟ್ಟಿಲ್ಲ: ಕೃಪೆ ಮುಂದಾಗಿ ಬಂದು ಕಣ್ಣು ತೆರೆಸದಿದ್ದರೆ ಮನುಷ್ಯ ತನ್ನನ್ನು ತಾನು ಸರಿಯಾಗಿ ಕಾಣಲಾರ. ನಾತಾನನ ಆಗಮನವೇ ಕರುಣೆಯ ಆರಂಭ.

ಇನ್ನೊಂದು ಸಂಗತಿ. ದಾವೀದನಿಗೆ ಕ್ಷಮೆ ಸಿಕ್ಕಿತು, ಕೀರ್ತಿಯೂ ಉಳಿಯಿತು. ಆದರೆ ಮತ್ತಾಯ ತನ್ನ ಸುವಾರ್ತೆಯ ಮೊದಲ ಪುಟದಲ್ಲಿ ಯೇಸುವಿನ ವಂಶಾವಳಿಯನ್ನು ಬರೆಯುವಾಗ, ಸೊಲೊಮೋನನ ತಾಯಿಯನ್ನು ಬತ್ಷೆಬೆ ಎಂದು ಕರೆಯಲಿಲ್ಲ, ದಾವೀದನ ಹೆಂಡತಿ ಎಂದೂ ಕರೆಯಲಿಲ್ಲ. ಊರೀಯನ ಹೆಂಡತಿ ಎಂದೇ ಬರೆದ. ಸಾವಿರ ವರ್ಷ ಕಳೆದರೂ, ಅರಸನನ್ನು ಕ್ಷಮಿಸಿಯಾದರೂ, ಕೊಲೆಯಾದವನ ಹೆಸರನ್ನು ಸುವಾರ್ತೆ ಅಳಿಸಲಿಲ್ಲ.

4. ಎರಡು ಕೆಂಡದ ಬೆಂಕಿ

ಶಿಲುಬೆಯ ಮರಣ ಪಾಪಕ್ಷಮೆಗೆ ಹೇಗೆ ಕಾರಣವಾಯಿತು ಎಂಬುದನ್ನು ಕ್ರೈಸ್ತ ಪಂಡಿತರು ಹಲವು ಬಗೆಯಲ್ಲಿ ವಿವರಿಸಿದ್ದಾರೆ. ದೇವರ ಮಾನಕ್ಕೆ ಆದ ಹಾನಿಯನ್ನು ದೇವಮಾನವನೇ ತುಂಬಿಕೊಟ್ಟ ಎಂದು ಕ್ಯಾಂಟರ್‌ಬರಿಯ ಆನ್ಸೆಲ್ಮ್ 11ನೆಯ ಶತಮಾನದ ಕೊನೆಯಲ್ಲಿ ವಾದಿಸಿದ. ಶಿಲುಬೆಯಲ್ಲಿ ತೋರಿದ ಪ್ರೀತಿಯನ್ನು ಕಂಡು ಮನುಷ್ಯನ ಹೃದಯ ಕರಗುತ್ತದೆ ಎಂಬ ಕಡೆಗೆ ಅಬೆಲಾರ್ಡ್ ಒತ್ತು ಕೊಟ್ಟ. ನಾನಿಲ್ಲಿ ಒಂದು ಅಂಶವನ್ನಷ್ಟೇ ಎತ್ತಿಕೊಳ್ಳುತ್ತೇನೆ. ರೋಮನ್ ಅಧಿಪತಿ ಪಿಲಾತನ ನ್ಯಾಯಾಲಯದಲ್ಲಿ ಯೇಸು ನಿಂತದ್ದು ಆರೋಪಿಯ ಸ್ಥಾನದಲ್ಲಿ. ಲೋಕಕ್ಕೆ ನ್ಯಾಯ ತೀರಿಸುವವನೆಂದು ಕ್ರೈಸ್ತರು ನಂಬುವವನು ಅನ್ಯಾಯದ ತೀರ್ಪಿಗೆ ಬಲಿಯಾದವನು. ಸತ್ತು ಎದ್ದಮೇಲೂ ಅವನ ಕೈಗಳಲ್ಲಿ ಮೊಳೆಯ ಗಾಯಗಳಿದ್ದವು ಎಂದು ಯೋಹಾನ ಬರೆಯುತ್ತಾನೆ. ಕ್ರೈಸ್ತರ ನ್ಯಾಯಾಧೀಶ ಗಾಯಗೊಂಡವನು. ನೊಂದವರ ನೋವು ಅವನಿಗೆ ಬೇರೊಬ್ಬರು ಹೇಳಿ ತಿಳಿಯಬೇಕಾದದ್ದಲ್ಲ.

ಆ ನ್ಯಾಯಾಧೀಶ ಹೇಗೆ ಕ್ಷಮಿಸುತ್ತಾನೆ ಎಂಬುದನ್ನು ನೋಡಬೇಕಾದರೆ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯಕ್ಕೆ ಹೋಗಬೇಕು. ಯೇಸುವಿನ ಬಂಧನದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿಗೆ ಆಳುಗಳು ಇದ್ದಿಲ ಕೆಂಡ ಮಾಡಿ ಕಾಯಿಸಿಕೊಳ್ಳುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅಲ್ಲೇ ನಿಂತು ಮೈ ಕಾಯಿಸಿಕೊಂಡ. ಯೇಸುವಿನ ಪರಿಚಯವೇ ಇಲ್ಲವೆಂದು ಮೂರು ಸಲ ಅಂದ. ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ, ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದ ಶಿಷ್ಯರಿಗೆ ಮತ್ತೆ ಕೆಂಡದ ಬೆಂಕಿ ಕಾಣುತ್ತದೆ. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸು ಮೊದಲು ಉಣಬಡಿಸುತ್ತಾನೆ. ಊಟವಾದ ಮೇಲೆ ಪೇತ್ರನಿಗೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳುತ್ತಾನೆ. ಒಂದಲ್ಲ, ಮೂರು ಸಲ. ಮೂರನೆಯ ಸಲ ಕೇಳಿದಾಗ ಪೇತ್ರನಿಗೆ ದುಃಖವಾಯಿತು. ಪ್ರತಿ ಉತ್ತರಕ್ಕೂ ಕುರಿಗಳನ್ನು ಕಾಯುವ ಹೊಣೆ ಅವನ ಹೆಗಲಿಗೆ ಬಂತು.

ಆದದ್ದು ಆಗಿಹೋಯಿತು ಬಿಡು ಎಂದು ಯೇಸು ಹೇಳಬಹುದಿತ್ತು. ಹೇಳಲಿಲ್ಲ. ಅಂಥದೇ ಬೆಂಕಿಯ ಬಳಿ ಕೂರಿಸಿ, ಮೂರು ನಿರಾಕರಣೆಗಳ ಎದುರು ಮೂರು ಪ್ರಶ್ನೆಗಳನ್ನಿಟ್ಟ. ಊಟ ಮೊದಲು ಬಂತು, ಏಕೆಂದರೆ ಕೃಪೆಗೆ ಷರತ್ತಿಲ್ಲ. ಪ್ರಶ್ನೆ ಆಮೇಲೆ ಬಂತು, ಏಕೆಂದರೆ ಕೃಪೆ ಸುಳ್ಳಿನ ಮೇಲೆ ನಿಲ್ಲುವುದಿಲ್ಲ.

5. ಜಕ್ಕಾಯನ ಲೆಕ್ಕ

ಯೆರಿಕೋದ ಜಕ್ಕಾಯನ ಕಥೆಯಲ್ಲೂ ಇದೇ ಕ್ರಮ. ರೋಮನ್ನರಿಗಾಗಿ ಸುಂಕ ವಸೂಲಿ ಮಾಡುವವರ ಮುಖ್ಯಸ್ಥ, ಜನರಿಂದ ಸುಲಿದು ಶ್ರೀಮಂತನಾದವನು, ಕುಳ್ಳನಾದ್ದರಿಂದ ಅತ್ತಿಮರ ಹತ್ತಿ ಯೇಸುವನ್ನು ನೋಡುತ್ತಾನೆ. ಯೇಸು ಅವನನ್ನು ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆ ಎನ್ನುತ್ತಾನೆ. ಊರು ಗೊಣಗುತ್ತದೆ. ಜಕ್ಕಾಯ ಎದ್ದು ನಿಂತು ಲೆಕ್ಕ ಒಪ್ಪಿಸುತ್ತಾನೆ: ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು. ತಾನಾಗಿ ತಪ್ಪೊಪ್ಪಿಕೊಂಡವನು ಮೂಲಧನದ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಮೋಶೆಯ ನಿಯಮವಿತ್ತು. ಕದ್ದ ಕುರಿಯನ್ನು ಕೊಂದವನಿಗೆ ನಾಲ್ಕರ ದಂಡ. ಜಕ್ಕಾಯ ತನ್ನ ಮೇಲೆ ಕಳ್ಳನ ದಂಡವನ್ನೇ ಹಾಕಿಕೊಂಡ. ದಾವೀದ ಬೇರೆಯವನಿಗೆಂದು ವಿಧಿಸಿದ್ದ ನಾಲ್ಕರಷ್ಟನ್ನು ಈ ಸುಂಕದವನು ತನಗೆ ತಾನೇ ವಿಧಿಸಿಕೊಂಡ. ಆ ಮನೆಗೆ ಆ ದಿನ ರಕ್ಷಣೆ ಬಂತೆಂದು ಯೇಸು ಸಾರಿದ್ದು ಈ ಮಾತಿನ ನಂತರ.

ಹಿಂದಿರುಗಿಸಬಹುದಾದ ಕದ್ದ ವಸ್ತುವನ್ನು ಹಿಂದಿರುಗಿಸದವನ ಪಶ್ಚಾತ್ತಾಪ ನಟನೆ ಎಂದು ಅಗಸ್ಟೀನ ಒಂದು ಪತ್ರದಲ್ಲಿ ಬರೆದ. ಮಧ್ಯಯುಗದ ಪಾಪನಿವೇದನೆಯ ಶಾಸ್ತ್ರ ಇದನ್ನು ನಿಯಮ ಮಾಡಿಕೊಂಡಿತು. ಆ ನಿಯಮವನ್ನು ಸಾಮ್ರಾಜ್ಯವೊಂದರ ಎದುರು ಎತ್ತಿ ಹಿಡಿದವನು ಬಾರ್ತೊಲೊಮೆ ದೆ ಲಾಸ್ ಕಾಸಾಸ್.

1511ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ, ಸಾಂತೊ ದೊಮಿಂಗೊದಲ್ಲಿ ಡೊಮಿನಿಕನ್ ಸಂನ್ಯಾಸಿ ಅಂತೋನಿಯೊ ದೆ ಮೊಂತೆಸಿನೊಸ್ ಸ್ಪೇನಿನ ವಸಾಹತುಗಾರರಿಗೆ ಪ್ರಸಂಗ ಮಾಡಿದ. ದ್ವೀಪದ ಮೂಲನಿವಾಸಿಗಳನ್ನು ದುಡಿಸಿ ಸಾಯಿಸುತ್ತಿರುವ ನೀವೆಲ್ಲ ಮಹಾಪಾಪದಲ್ಲಿದ್ದೀರಿ ಎಂದು ಮುಖಕ್ಕೆ ಹೇಳಿದ. ಲಾಸ್ ಕಾಸಾಸ್ ಆಗ ಧರ್ಮಗುರುವಾಗಿದ್ದೂ ಮೂಲನಿವಾಸಿಗಳ ಜೀತದ ಪಾಲನ್ನು ಹೊಂದಿದ್ದ. 1514ರಲ್ಲಿ ಕ್ಯೂಬಾದಲ್ಲಿ ಪ್ರಸಂಗಕ್ಕೆ ತಯಾರಾಗುತ್ತಿದ್ದಾಗ, ಬಡವರಿಂದ ಕಸಿದದ್ದನ್ನು ದೇವರಿಗೆ ಅರ್ಪಿಸುವುದು ಅಪರಾಧವೆನ್ನುವ ಸಿರಾಖನ ಗ್ರಂಥದ ಭಾಗ ಅವನ ಕಣ್ಣಿಗೆ ಬಿತ್ತು. ತನ್ನ ಪಾಲಿನ ಜನರನ್ನು ಬಿಟ್ಟುಕೊಟ್ಟ.

ಮೂವತ್ತು ವರ್ಷಗಳ ನಂತರ ಮೆಕ್ಸಿಕೊದ ದಕ್ಷಿಣದ ಚಿಯಾಪಾಸಿನ ಬಿಷಪನಾಗಿ ತನ್ನ ಗುರುಗಳಿಗೆ ಪಾಪನಿವೇದನೆಯ ನಿಯಮಾವಳಿಯನ್ನು ಬರೆದುಕೊಟ್ಟ. ಮೂಲನಿವಾಸಿಗಳ ದುಡಿಮೆಯಿಂದ ಸಂಪತ್ತು ಮಾಡಿದವನು ಪಾಪನಿವೇದನೆಗೆ ಬಂದರೆ ಗುರು ಮೊದಲು ನೋಟರಿಯನ್ನು ಕರೆಸಬೇಕು. ಆಸ್ತಿಯನ್ನು ನೊಂದವರಿಗೆ ಹಿಂದಿರುಗಿಸಲು ಗುರುವಿಗೆ ಅಧಿಕಾರ ಕೊಡುವ ಕರಾರುಪತ್ರ ಬರೆಸಬೇಕು. ಅದಿಲ್ಲದೆ, ಮರಣಶಯ್ಯೆಯಲ್ಲೇ ಇದ್ದರೂ, ಕ್ಷಮೆಯ ಮಾತು ಇಲ್ಲ. ವಸಾಹತುಗಾರರು ರೊಚ್ಚಿಗೆದ್ದರು. 1548ರಲ್ಲಿ ರಾಜಾಜ್ಞೆಯಿಂದ ಆ ಹಸ್ತಪ್ರತಿಗಳನ್ನು ಹಿಂಪಡೆಯಲಾಯಿತು. 1552ರಲ್ಲಿ ಲಾಸ್ ಕಾಸಾಸ್ ಅದನ್ನು ಸೆವಿಯಾದಲ್ಲಿ ಮುದ್ರಿಸಿಬಿಟ್ಟ.

ಅದೇ ಲಾಸ್ ಕಾಸಾಸ್, ಮೂಲನಿವಾಸಿಗಳನ್ನು ಉಳಿಸುವ ಆತುರದಲ್ಲಿ, ಆಫ್ರಿಕದಿಂದ ಗುಲಾಮರನ್ನು ತರಿಸಬಹುದೆಂದು ಹಿಂದೆ ಸಲಹೆ ಕೊಟ್ಟಿದ್ದ. ಮುಪ್ಪಿನಲ್ಲಿ ಬರೆದ ಚರಿತ್ರೆಯಲ್ಲಿ ಅದನ್ನು ತಪ್ಪೆಂದು ಒಪ್ಪಿಕೊಂಡ. ತನ್ನ ಅಜ್ಞಾನವೂ ಸದುದ್ದೇಶವೂ ದೇವರ ತೀರ್ಪಿನೆದುರು ತನ್ನನ್ನು ಉಳಿಸುತ್ತವೆಯೋ ಇಲ್ಲವೋ ತಿಳಿಯದು ಎಂದು ಬರೆದ. ಇತರರಿಗೆ ಲೆಕ್ಕ ಕೇಳಿದವನು ತನ್ನ ಲೆಕ್ಕವನ್ನೂ ಮುಚ್ಚಿಡಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಪಾಪವಿಮೋಚನಾ ಪತ್ರಗಳ ಮಾರಾಟ. ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ ಹಣ ಕೂಡಿಸಲು ಜರ್ಮನಿಯಲ್ಲಿ ಡೊಮಿನಿಕನ್ ಸಂನ್ಯಾಸಿ ಟೆಟ್ಜೆಲ್ ಅವನ್ನು ಮಾರಿದ. 1517ರಲ್ಲಿ ಮಾರ್ಟಿನ್ ಲೂಥರ್ 95 ಪ್ರಬಂಧಸೂತ್ರಗಳನ್ನು ಮುಂದಿಟ್ಟು ಇದನ್ನು ವಿರೋಧಿಸಿದ. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಬೇಕೆಂಬುದು ಅವನ ಮೊದಲ ಸೂತ್ರದ ತಿರುಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಈ ಪರಂಪರೆ ನಮ್ಮ ನಾಡಿಗೂ ಬಂತು. ನನ್ನ ವಾದಕ್ಕೆ ಮುಖ್ಯವಾದ ಅಂಶ ಇದು: ಆ ಪತ್ರದ ವ್ಯಾಪಾರದಲ್ಲಿ ಪಾಪಿ ಇದ್ದ, ಗುರು ಇದ್ದ, ಹಣದ ಪೆಟ್ಟಿಗೆ ಇತ್ತು. ಮೋಸಹೋದ ನೆರೆಯವನು ಎಲ್ಲೂ ಇರಲಿಲ್ಲ. ಲೂಥರನ ನಾಡಿನಲ್ಲೇ ಧರ್ಮಪಂಡಿತ ಡೀಟ್ರಿಕ್ ಬೊನ್‌ಹೋಫರ್ 1937ರಲ್ಲಿ, ಪಶ್ಚಾತ್ತಾಪವಿಲ್ಲದೆ ಹಂಚುವ ಅಗ್ಗದ ಕೃಪೆಯೇ ಸಭೆಯ ಮಾರಕ ಶತ್ರು ಎಂದು ಎಚ್ಚರಿಸಿದ. 1945ರ ಏಪ್ರಿಲಿನಲ್ಲಿ ನಾಜಿಗಳು ಅವನನ್ನು ಗಲ್ಲಿಗೇರಿಸಿದರು.

6. ಎಪ್ಪತ್ತೇಳು ಸಲ ಕ್ಷಮಿಸುವುದು

ಯೇಸು ಮಿತಿಯಿಲ್ಲದೆ ಕ್ಷಮಿಸಲು ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳಿದ. ಮತ್ತಾಯನ 18ನೆಯ ಅಧ್ಯಾಯದಲ್ಲಿ, ಏಳು ಸಲ ಸಾಕೇ ಎಂದು ಪೇತ್ರ ಕೇಳಿದಾಗ, ಎಪ್ಪತ್ತೇಳು ಸಲ, ಅಂದರೆ ಲೆಕ್ಕಕ್ಕೆ ಸಿಗದಷ್ಟು ಸಲ, ಎಂಬ ಅರ್ಥದ ಉತ್ತರ ಬರುತ್ತದೆ. ಜೊತೆಗೆ ಒಂದು ಸಾಮತಿ. 10,000 ತಲಾಂತು ಸಾಲವಿದ್ದ ಆಳಿಗೆ ಅರಸ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಅಂದರೆ ಬಿಟ್ಟದ್ದು 6 ಕೋಟಿ ದಿನಗಳ ಕೂಲಿ. ಹೊರಗೆ ಬಂದ ಆಳು 100 ದಿನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಸುಕುತ್ತಾನೆ.

ಆದರೆ ಆ ಅಧ್ಯಾಯವನ್ನು ಪೇತ್ರನ ಪ್ರಶ್ನೆಯಿಂದ ಓದಲು ಶುರುಮಾಡುವುದು ನಮ್ಮ ರೂಢಿ. ಕೆಲವು ಸಾಲು ಹಿಂದಕ್ಕೆ ಹೋಗಿ ಓದಿ. ತಪ್ಪು ಮಾಡಿದ ಸಹೋದರನ ಬಳಿಗೆ ಹೋಗಿ ಮುಖಾಮುಖಿ ಹೇಳು. ಕೇಳದಿದ್ದರೆ ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಯೇಸು ಮೊದಲು ಕೊಟ್ಟದ್ದು ಈ ಕ್ರಮ. ಅದಕ್ಕೂ ಮುಂಚೆ, ಚಿಕ್ಕವರನ್ನು ಎಡವಿಸುವವನ ಬಗ್ಗೆ ಸುವಾರ್ತೆಯಲ್ಲೇ ಅತ್ಯಂತ ಕಠಿಣವಾದ ಮಾತಿದೆ: ಅಂಥವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದು ಮೇಲು. ಚಿಕ್ಕವರ ರಕ್ಷಣೆ, ತಪ್ಪನ್ನು ಎದುರಿಗೆ ಹೇಳುವುದು, ಆಮೇಲೆ ಮಿತಿಯಿಲ್ಲದ ಕ್ಷಮೆ. ಮೊದಲ ಎರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಬೋಧಿಸಿದರೆ ಅದು ಬಲಿಷ್ಠರಿಗೆ ಅನುಕೂಲವಾದ ಧರ್ಮವಾಗುತ್ತದೆ.

7. ನಮ್ಮ ಕಾಲದ ಸಾಕ್ಷಿಗಳು

ವರ್ಣಭೇದ ನೀತಿ ಕೊನೆಗೊಂಡ ದಕ್ಷಿಣ ಆಫ್ರಿಕ 1995ರ ಕಾಯ್ದೆಯ ಮೂಲಕ ಸತ್ಯ ಮತ್ತು ಸಾಮರಸ್ಯ ಆಯೋಗವನ್ನು ರಚಿಸಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದರ ಅಧ್ಯಕ್ಷರಾಗಿದ್ದರು. ರಾಜಕೀಯ ಅಪರಾಧ ಮಾಡಿದವರು ನಡೆದದ್ದನ್ನೆಲ್ಲ ಬಹಿರಂಗವಾಗಿ ಹೇಳಿದರೆ ಕ್ಷಮಾದಾನಕ್ಕೆ ಅರ್ಜಿ ಹಾಕಬಹುದಿತ್ತು. 7,000ಕ್ಕೂ ಹೆಚ್ಚು ಅರ್ಜಿಗಳು ಬಂದವು, ಬಹುಪಾಲು ತಿರಸ್ಕೃತವಾದವು. ಸತ್ತ ಮಕ್ಕಳ ತಾಯಂದಿರು ಮೊದಲ ಬಾರಿಗೆ ಸರಕಾರದ ಮುಂದೆ ಕೂತು ತಮ್ಮ ಭಾಷೆಯಲ್ಲಿ ಮಾತಾಡಿದರು, ದೇಶ ಕೇಳಿಸಿಕೊಂಡಿತು. ಇಷ್ಟು ದೊಡ್ಡ ಕೆಲಸದ ಕೊರತೆಯೂ ಅಷ್ಟೇ ಸ್ಪಷ್ಟ. ನೊಂದವರಿಗೆ ಪರಿಹಾರವಾಗಿ 2003ರಲ್ಲಿ ಸಿಕ್ಕಿದ್ದು ಒಂದೇ ಕಂತಿನ 30,000 ರ‍್ಯಾಂಡ್, ಆಯೋಗ ಶಿಫಾರಸು ಮಾಡಿದ್ದಕ್ಕಿಂತ ತೀರಾ ಕಡಿಮೆ. ನಾತಾನ ಬಂದ, ಜಕ್ಕಾಯ ಪೂರ್ತಿಯಾಗಿ ಬರಲಿಲ್ಲ.

ನಮ್ಮ ದೇಶದಲ್ಲಿ 1999ರ ಜನವರಿ 22ರ ನಡುರಾತ್ರಿ ಕಳೆಯುತ್ತಿದ್ದಂತೆ ಒಡಿಶಾದ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಪುಟ್ಟ ಮಕ್ಕಳಾದ ಫಿಲಿಪ್, ತಿಮೊಥಿಯವರನ್ನು ಗುಂಪೊಂದು ಜೀವಂತ ಸುಟ್ಟಿತು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ವಿಧಿಸುವ ಪರಿಣಾಮ ಬೇರೆ, ಎರಡನ್ನೂ ಬೆರೆಸಬಾರದು ಎಂಬ ನಿಲುವನ್ನೂ ತಾಳಿದರು. ನ್ಯಾಯಾಲಯಗಳು ತಮ್ಮ ಕೆಲಸ ಮಾಡಿದವು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಕೊಲೆಯ ನಂತರ ಗ್ಲಾಡಿಸ್ ಮಗಳೊಂದಿಗೆ ಕೆಲವು ವರ್ಷ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕ್ಷಮೆಯ ಮಾತನ್ನು ಆಡಿದ್ದು ಅವರೇ. ಆ ಮಾತು ನೊಂದವರ ಬಾಯಿಂದಲೇ, ಅವರ ಸ್ವಾತಂತ್ರ್ಯದಿಂದಲೇ ಬಂದಾಗ ಅದರ ತೂಕವೇ ಬೇರೆ.

ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. 2002ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹೊರಬಿದ್ದ ಸಂಗತಿಗಳು ಲೋಕಕ್ಕೆಲ್ಲ ಗೊತ್ತು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಕಥೋಲಿಕ ಧರ್ಮಗುರುಗಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸದ್ದಿಲ್ಲದೆ ವರ್ಗ ಮಾಡಲಾಗಿತ್ತು. ಅಪರಾಧಿಗೆ ಕರುಣೆ ತೋರಿದೆವು ಎಂದು ಅಂದುಕೊಂಡವರು ಮಗುವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. 2019ರಲ್ಲಿ ಪೋಪ್ ಫ್ರಾನ್ಸಿಸ್ ಇಂಥ ದೂರುಗಳನ್ನು ಗುರುಗಳೂ ಕನ್ಯಾಸ್ತ್ರೀಯರೂ ಮೇಲಧಿಕಾರಿಗಳಿಗೆ ತಿಳಿಸಲೇಬೇಕೆಂಬ ನಿಯಮ ತಂದರು. ಭಾರತದ ಸಭೆಗಳೊಳಗಿನ ಜಾತಿಯ ಪಾಪವೂ ಹೀಗೇ ಮುಚ್ಚಿಟ್ಟ ಲೆಕ್ಕ. ದೀಕ್ಷಾಸ್ನಾನ ಪಡೆದ ದಲಿತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಕೊಟ್ಟ ಚರಿತ್ರೆ ನಮ್ಮದು. 2016ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ತನ್ನ ನೀತಿ ದಾಖಲೆಯಲ್ಲಿ ಸಭೆಯೊಳಗಿನ ಜಾತಿಭೇದವನ್ನು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಪಶ್ಚಾತ್ತಾಪದ ಮೊದಲ ಹೆಜ್ಜೆ. ನಾಲ್ಕರಷ್ಟು ಹಿಂದಿರುಗಿಸುವ ಹೆಜ್ಜೆ ಬಾಕಿಯಿದೆ.

ಕೊನೆಯ ಮಾತು

ಎಲ್ಲರೂ ಕೊನೆಗೆ ರಕ್ಷಣೆ ಹೊಂದುತ್ತಾರೋ, ನರಕ ಶಾಶ್ವತವೋ ಎಂಬ ಪ್ರಶ್ನೆ ಉಳಿಯಿತು ಎಂದು ಕೆಲವರಿಗೆ ಅನ್ನಿಸಬಹುದು. ನ್ಯಸ್ಸದ ಗ್ರೆಗೊರಿಯಂಥ ಸಂತರು ದೊಡ್ಡ ನಿರೀಕ್ಷೆ ಇಟ್ಟುಕೊಂಡರು, ಅಗಸ್ಟೀನ ಒಪ್ಪಲಿಲ್ಲ, ಚರ್ಚೆ ಇಂದಿಗೂ ನಡೆದಿದೆ. ಆ ತೀರ್ಮಾನ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದರ ಬಗ್ಗೆ ಮತ್ತಾಯನ 25ನೆಯ ಅಧ್ಯಾಯ ಸಂದೇಹಕ್ಕೆ ಎಡೆಯನ್ನೇ ಬಿಟ್ಟಿಲ್ಲ. ಅಂತಿಮ ತೀರ್ಪಿನ ದಿನ ಕೇಳುವ ಪ್ರಶ್ನೆಗಳು ಅಲ್ಲಿ ಮುಂಚಿತವಾಗಿಯೇ ಬಯಲಾಗಿವೆ: ಹಸಿದವನಿಗೆ ಅನ್ನ ಕೊಟ್ಟೆಯಾ, ಬಾಯಾರಿದವನಿಗೆ ನೀರು, ಬಟ್ಟೆಯಿಲ್ಲದವನಿಗೆ ಬಟ್ಟೆ, ಪರದೇಶಿಗೆ ಆಸರೆ, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ನೋಡಲು ಹೋದೆಯಾ? ಅವರಲ್ಲಿ ತಾನೇ ಇದ್ದೆ ಎನ್ನುತ್ತಾನೆ ನ್ಯಾಯಾಧೀಶ.

ಆದ್ದರಿಂದ ಇಲ್ಲಿರುವ ಧರ್ಮಗುರುಗಳಲ್ಲಿ, ಸಭಾಪಾಲಕರಲ್ಲಿ, ಮನೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಗಂಡನಿಂದ ಹೊಡೆತ ತಿಂದು ಬಂದ ಹೆಣ್ಣುಮಗಳು, ದೌರ್ಜನ್ಯಕ್ಕೊಳಗಾದ ಮಗು, ಕೂಲಿ ಸಿಗದ ಆಳು, ಸಭೆಯಲ್ಲೇ ಅವಮಾನ ಉಂಡ ದಲಿತ ಸಹೋದರ ನಿಮ್ಮ ಬಾಗಿಲಿಗೆ ಬಂದಾಗ, ಕ್ಷಮಿಸಿಬಿಡು ಎಂಬುದು ನಿಮ್ಮ ಮೊದಲ ಮಾತಾಗದಿರಲಿ. ಮೊದಲು ಅವರ ದೂರನ್ನು ಪೂರ್ತಿ ಕೇಳಿ. ತಪ್ಪು ಮಾಡಿದವರ ಬಳಿಗೆ ನಾತಾನನಂತೆ ಹೋಗಿ, ತಪ್ಪನ್ನು ಅದರ ಹೆಸರಿನಿಂದಲೇ ಕರೆಯಿರಿ. ಕಾನೂನಿಗೆ ತಿಳಿಸಬೇಕಾದದ್ದನ್ನು ಕಾನೂನಿಗೆ ತಿಳಿಸಿ. ಕಸಿದದ್ದನ್ನು ಹಿಂದಿರುಗಿಸುವ ದಾರಿ ತೋರಿಸಿ. ಅವರಿಗೂ ದೇವರ ಬಾಗಿಲು ಮುಚ್ಚಿಲ್ಲವೆಂದು ಧೈರ್ಯವಾಗಿ ಹೇಳಿ, ಏಕೆಂದರೆ ನಿನೆವೆಗೂ ಅದು ಮುಚ್ಚಿರಲಿಲ್ಲ. ನೊಂದವರು ಕ್ಷಮಿಸುವ ದಿನ ಬಂದರೆ, ಅದು ಅವರು ಕೊಡುವ ದಾನ. ನಾವು ವಸೂಲಿ ಮಾಡುವ ಸುಂಕವಲ್ಲ.